ಹನೋಯ್‌ನಲ್ಲಿ ಗಡಿಯಾರ ನೋಡಿಕೊಂಡು ಊಟ ಮಾಡಿ

ಮೊದಲ ದಿನ ಮಧ್ಯಾಹ್ನ ಮೂರು ಗಂಟೆಗೆ ಬುನ್ ಚಾ ಅನ್ನುವ ಶಾವಿಗೆ, ಸುಟ್ಟ ಮಾಂಸದ ತಿಂಡಿ ಹುಡುಕಿಕೊಂಡು ಹೋದೆ. ಅಂಗಡಿ ಇತ್ತು, ಬೋರ್ಡ್ ಇತ್ತು, ಇದ್ದಿಲ ಒಲೆಯೂ ಇತ್ತು. ಆದರೆ ಒಲೆ ಆರಿತ್ತು. ಅಂಗಡಿಯಾಕೆ ಫುಟ್‌ಪಾತ್ ಮೇಲೆ ಕೂತು ಪಾತ್ರೆ ತೊಳೆಯುತ್ತಿದ್ದರು. ನನ್ನನ್ನು ನೋಡಿ ಒದ್ದೆ ಕೈ ಅಲ್ಲಾಡಿಸಿದರು, ಅಷ್ಟೇ. ಮರುದಿನ ಹನ್ನೊಂದೂವರೆಗೆ ಹೋದರೆ ಅದೇ ಫುಟ್‌ಪಾತಿನಲ್ಲಿ ಕಾಲಿಡಲು ಜಾಗ ಇಲ್ಲ.

ವಿಯೆಟ್ನಾಂ ರಾಜಧಾನಿಯಲ್ಲಿ ಊಟದ ವಿಷಯ ಹೀಗೆ. ಒಳ್ಳೆಯ ಅಂಗಡಿ ಅಂದರೆ ಒಂದೇ ಒಂದು ತಿಂಡಿ ಮಾಡುವ ಅಂಗಡಿ. ಆ ತಿಂಡಿಗೆ ಅದರದ್ದೇ ಹೊತ್ತು ಇದೆ. ಹೊತ್ತು ಮೀರಿತೋ, ಮೆನುವಿನಲ್ಲಿ ನೂರು ಐಟಂ ಇರುವ, ಪ್ರವಾಸಿಗರಿಗೆಂದೇ ತೆರೆದ ಹೋಟೆಲೇ ಗತಿ. ಅದಕ್ಕೇ ಇದನ್ನು ಗಂಟೆಯ ಲೆಕ್ಕದಲ್ಲಿ ಬರೆದಿದ್ದೇನೆ. ನನ್ನ ಜೊತೆ ಅಮ್ಮ ಬಂದಿದ್ದರು. ನಾನು ಮಾಂಸ ತಿನ್ನುತ್ತೇನೆ, ಅವರು ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಹಾಗಾಗಿ ಎರಡೂ ಕಡೆಯ ಅನುಭವ ಇದರಲ್ಲಿದೆ. ಹೆಸರುಗಳನ್ನು ಅಲ್ಲಿ ನನ್ನ ಕಿವಿಗೆ ಬಿದ್ದಂತೆ ಬರೆದಿದ್ದೇನೆ.

ಹೊರಡುವ ಮುನ್ನ

ವೀಸಾ ಆನ್‌ಲೈನ್‌ನಲ್ಲೇ ಸಿಗುತ್ತದೆ. ಒಂದು ಸಲದ ಪ್ರವೇಶಕ್ಕೆ 25 ಡಾಲರ್, 90 ದಿನಗಳವರೆಗೆ ಇರಬಹುದು. ವಿಯೆಟ್ನಾಂ ಸರ್ಕಾರದ ಜಾಲತಾಣದಲ್ಲೇ ಅರ್ಜಿ ಹಾಕಿ. ಅದೇ ಥರ ಕಾಣುವ ಬೇರೆ ತಾಣಗಳು ಹುಡುಕಾಟದಲ್ಲಿ ಮೇಲೆ ಬರುತ್ತವೆ, ದುಪ್ಪಟ್ಟು ದುಡ್ಡು ಕೇಳುತ್ತವೆ. ಪಾಸ್‌ಪೋರ್ಟ್‌ನಲ್ಲಿ ಇರುವಂತೆಯೇ ಹೆಸರು ತುಂಬಿ.

ಅಕ್ಟೋಬರ್, ನವೆಂಬರ್ ಒಳ್ಳೆಯ ಕಾಲ. ಜೂನ್‌ನಿಂದ ಆಗಸ್ಟ್‌ವರೆಗೆ ಸೆಖೆ, ಜೊತೆಗೆ ಮಳೆ. ಫೆಬ್ರವರಿ, ಮಾರ್ಚ್‌ನಲ್ಲಿ ಮಡಿಕೇರಿಯ ಜಡಿಮಳೆಯನ್ನು ನೆನಪಿಸುವ ತುಂತುರು, ಒಗೆದ ಬಟ್ಟೆ ಒಣಗುವುದೇ ಇಲ್ಲ. ಅಲ್ಲಿಯ ಹೊಸ ವರ್ಷದ ಹಬ್ಬ ತೇತ್. ಅದು ಜನವರಿ ಕೊನೆ ಅಥವಾ ಫೆಬ್ರವರಿಯಲ್ಲಿ ಬರುತ್ತದೆ. ಆ ವಾರ ಹೋಗಬೇಡಿ. ಅಂಗಡಿಯವರೆಲ್ಲ ಊರಿಗೆ ಹೋಗಿರುತ್ತಾರೆ.

ದುಡ್ಡಿನ ಲೆಕ್ಕ ಮೊದಲೆರಡು ದಿನ ತಲೆ ತಿನ್ನುತ್ತದೆ. ಸಾವಿರ ಡಾಂಗ್ ಅಂದರೆ ನಮ್ಮ ಮೂರೂವರೆ ರೂಪಾಯಿ ಆಸುಪಾಸು. ಮೂರು ಸೊನ್ನೆ ಅಳಿಸಿ, ಮೂರೂವರೆಯಿಂದ ಗುಣಿಸಿ. ಅಲ್ಲಿಯವರೂ ಸೊನ್ನೆ ಬರೆಯುವುದಿಲ್ಲ. ಬೋರ್ಡ್ ಮೇಲೆ 50 ಅಂತ ಇದ್ದರೆ ಅದು 50 ಸಾವಿರ. ಅಂದರೆ ಸುಮಾರು 170 ರೂಪಾಯಿ, ಬೀದಿಬದಿಯ ಒಂದು ಬಟ್ಟಲು ನೂಡಲ್ಸಿನ ಬೆಲೆ. 20 ಸಾವಿರದ ನೋಟು, 5 ಲಕ್ಷದ ನೋಟು ಎರಡೂ ನೀಲಿ ಬಣ್ಣದವು. ರಾತ್ರಿ ಟ್ಯಾಕ್ಸಿಯಲ್ಲಿ ಅದಲು ಬದಲಾದರೆ ಸಾವಿರದ ಆರುನೂರು ರೂಪಾಯಿಗೂ ಜಾಸ್ತಿ ಕಳೆದುಕೊಂಡಂತೆ. ದೊಡ್ಡ ನೋಟನ್ನು ಬೇರೆ ಜೇಬಿನಲ್ಲಿಡಿ. ಅಂಗಡಿಗಳಲ್ಲಿ ತೂಗುಹಾಕಿರುವ ಕ್ಯೂಆರ್ ಕೋಡ್ ನೋಡಿ ಖುಷಿಪಡಬೇಡಿ. ಅದು ಅಲ್ಲಿಯ ಬ್ಯಾಂಕ್ ಖಾತೆ ಇದ್ದವರಿಗೆ.

ಇಳಿದ ಮೇಲೆ

ನೋಯ್ ಬಾಯ್ ವಿಮಾನ ನಿಲ್ದಾಣದಿಂದ ಊರಿಗೆ ಮುಕ್ಕಾಲು ಗಂಟೆ ದಾರಿ. 86 ನಂಬರಿನ ಕೇಸರಿ ಬಣ್ಣದ ಬಸ್ಸು ಹಳೇ ಪೇಟೆಯ ಪಕ್ಕದಲ್ಲೇ ಹೋಗುತ್ತದೆ. ಲಗೇಜ್ ಜಾಸ್ತಿ ಇದ್ದರೆ ಗ್ರ್ಯಾಬ್ ಆ್ಯಪ್‌ನಲ್ಲಿ ಕಾರು ಕರೆಸಿ. ಹೊರಗೆ ಬಂದು ಕೈಹಿಡಿದು ಕರೆಯುವವರ ಹಿಂದೆ ಹೋಗಬೇಡಿ.

ರೂಮು ಹ್ವಾನ್ ಕಿಯೆಮ್ ಕೆರೆಯಿಂದ ನಡೆದು ಹೋಗುವಷ್ಟು ದೂರದಲ್ಲಿರಲಿ. ಆದರೆ ತಾ ಹಿಯೆನ್ ಬೀದಿಯ ಮೇಲೆಯೇ ಬೇಡ. ಅಲ್ಲಿ ಮಧ್ಯರಾತ್ರಿಯವರೆಗೆ ಹಾಡು, ಗಲಾಟೆ. ನೀವು ಐದಕ್ಕೆ ಏಳಬೇಕಲ್ವಾ.

ಇನ್ನು ರಸ್ತೆ ದಾಟುವುದು. ಬೆಂಗಳೂರಿನವರಿಗೆ ಯಾರೇನು ಹೇಳಿಕೊಡುವುದು ಅಂದುಕೊಂಡಿದ್ದೆ. ತಪ್ಪು. ಅಲ್ಲಿ ಗಾಡಿಗಳು ಬಲಗಡೆ ಓಡುತ್ತವೆ, ನಾವು ಅಭ್ಯಾಸಬಲದಿಂದ ಮೊದಲು ತಪ್ಪು ಕಡೆ ನೋಡುತ್ತೇವೆ. ಅದಕ್ಕಿಂತ ಮುಖ್ಯ, ನಾವು ಸಂದಿ ಸಿಕ್ಕಿದಾಗ ಓಡಿ ದಾಟುತ್ತೇವೆ. ಅಲ್ಲಿ ಓಡಬಾರದು. ನಿಧಾನವಾಗಿ, ಒಂದೇ ವೇಗದಲ್ಲಿ ನಡೆಯುತ್ತಾ ಹೋಗಬೇಕು. ಸ್ಕೂಟರಿನವರು ನಿಮ್ಮ ನಡಿಗೆ ನೋಡಿ ಲೆಕ್ಕ ಹಾಕಿ ಸುತ್ತಿ ಹೋಗುತ್ತಾರೆ. ನಡುವೆ ಹಿಂದಕ್ಕೆ ಹೆಜ್ಜೆ ಇಟ್ಟರೆ ಅವರ ಲೆಕ್ಕ ತಪ್ಪುತ್ತದೆ. ಬಸ್ಸು, ಕಾರು ಬಂದರೆ ಮಾತ್ರ ನಿಂತುಬಿಡಿ.

ಕಲಿತುಕೊಂಡು ಹೋಗಬೇಕಾದ ಮಾತು

ಅವರ ಮಾತಿನಲ್ಲಿ ‘ನೀನು’, ‘ನೀವು’ ಅನ್ನುವುದಕ್ಕಿಂತ ಅಕ್ಕ, ಅಣ್ಣ, ಚಿಕ್ಕಮ್ಮ ಅಂತ ಕರೆಯುವುದೇ ಜಾಸ್ತಿ. ಇದು ನಮಗೆ ಸಲೀಸು. ನಿಮಗಿಂತ ಸ್ವಲ್ಪ ದೊಡ್ಡ ಹೆಂಗಸು ‘ಚಿ’, ಗಂಡಸು ‘ಆನ್’, ಚಿಕ್ಕವರು ಯಾರಾದರೂ ‘ಎಮ್’. ಅಮ್ಮನ ವಯಸ್ಸಿನವರು ‘ಕೋ’. ಕರೆಯಲು ಮುಂದೆ ‘ಓಯ್’ ಸೇರಿಸಿ: ‘ಚಿ ಓಯ್!’ ನಮ್ಮಲ್ಲಿ ಗೊತ್ತಿಲ್ಲದವರನ್ನು ಓಯ್ ಅಂದರೆ ಜಗಳಕ್ಕೇ ಬರುತ್ತಾರೆ, ಅಲ್ಲಿ ಅದು ‘ಅಕ್ಕಾ, ಇಲ್ಲಿ ಸ್ವಲ್ಪ’ ಅಂದಷ್ಟೇ ಮೃದು. ಅಮ್ಮ ಮೊದಲ ದಿನ ನಾಚಿಕೊಂಡರು. ಮೂರನೇ ದಿನ ಬೀದಿಯ ಆ ತುದಿಯ ಎಮ್‌ಗೆ ಕೇಳುವಂತೆ ಓಯ್ ಅನ್ನುತ್ತಿದ್ದರು.

ಇನ್ನು ತಿನ್ನುವ ಪದಗಳು. ಬೊ ಅಂದರೆ ದನದ ಮಾಂಸ, ಗಾ ಅಂದರೆ ಕೋಳಿ, ಕಾ ಅಂದರೆ ಮೀನು, ಚುಂಗ್ ಅಂದರೆ ಮೊಟ್ಟೆ, ದೌ ಅಂದರೆ ತೋಫು. ‘ಖೋಂಗ್’ ಅಂದರೆ ಬೇಡ, ಇಲ್ಲ. ‘ತೋಯ್ ಅನ್ ಚಯ್’ ಅಂದರೆ ನಾನು ಸಸ್ಯಾಹಾರಿ. ‘ಕಯ್’ ಅಂದರೆ ಖಾರ. ಚಯ್, ಕಯ್ ಕಲಸುಮೇಲೋಗರ ಆಗದಂತೆ ನೋಡಿಕೊಳ್ಳಿ. ಅವರ ಭಾಷೆಯಲ್ಲಿ ರಾಗ ತಪ್ಪಿದರೆ ಅರ್ಥವೇ ಬದಲು. ಹಾಗಾಗಿ ಇವನ್ನು ಅವರ ಲಿಪಿಯಲ್ಲಿ ಫೋನಿನಲ್ಲಿ ಇಟ್ಟುಕೊಂಡು, ಹೇಳುತ್ತಲೇ ತೋರಿಸಿ.

ಬೆಳಗ್ಗೆ ಐದೂವರೆ: ಕೆರೆ, ಆಮೇಲೆ ಫೊ

ಹ್ವಾನ್ ಕಿಯೆಮ್ ಕೆರೆಯನ್ನು ನೋಡಬೇಕಾದ್ದು ಈ ಹೊತ್ತಿನಲ್ಲಿ. ಅಜ್ಜಿಯರು ಬೀಸಣಿಗೆ ಹಿಡಿದು ಕವಾಯತು ಮಾಡುತ್ತಿರುತ್ತಾರೆ. ಇನ್ನೊಂದು ಗುಂಪು ಸ್ಪೀಕರ್ ಹಾಕಿ ಕುಣಿಯುತ್ತದೆ. ಫುಟ್‌ಪಾತ್ ಮೇಲೆ ನೆಟ್ ಕಟ್ಟಿ ಶಟಲ್ ಆಡುತ್ತಾರೆ. ಸುಮ್ನೆ ಒಂದು ಸುತ್ತು ಹಾಕಿ. ಶುಕ್ರವಾರ ಸಂಜೆಯಿಂದ ಭಾನುವಾರ ರಾತ್ರಿವರೆಗೆ ಕೆರೆಯ ಸುತ್ತ ಗಾಡಿಗಳಿಗೆ ಪ್ರವೇಶ ಇಲ್ಲ, ಆಗ ಇನ್ನೂ ಚೆನ್ನ.

ಕೆರೆಯ ಹೆಸರಿನ ಅರ್ಥ ‘ಮರಳಿಸಿದ ಕತ್ತಿಯ ಕೆರೆ’. 15ನೇ ಶತಮಾನದಲ್ಲಿ ಚೀನಾದ ಮಿಂಗ್ ಸೈನ್ಯವನ್ನು ಓಡಿಸಿದ ಲೆ ಲೊಯ್ ರಾಜನಿಂದ ದೇವರ ಕತ್ತಿಯನ್ನು ಆಮೆಯೊಂದು ಇಲ್ಲಿ ವಾಪಸ್ ಪಡೆಯಿತಂತೆ. ಕಥೆ ಹೇಗೋ, ಕೆರೆಯಲ್ಲಿ ನಿಜವಾಗಿಯೂ ಒಂದು ದೈತ್ಯ ಆಮೆ ಇತ್ತು. ಊರಿನವರು ಅದನ್ನು ಮುತ್ತಜ್ಜ ಅಂತಲೇ ಕರೆಯುತ್ತಿದ್ದರು. 2016ರ ಜನವರಿಯಲ್ಲಿ ಅದು ಸತ್ತಿತು. ಕೆಂಪು ಸೇತುವೆ ದಾಟಿ ನೊಕ್ ಸನ್ ಗುಡಿಗೆ ಹೋದರೆ ಅದರ ದೇಹವನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ಗುಡಿಯ ಬಾಗಿಲು ತೆರೆಯುವುದು ಸ್ವಲ್ಪ ತಡವಾಗಿ, ಅದನ್ನು ಇನ್ನೊಂದು ಹೊತ್ತಿಗೆ ಇಟ್ಟುಕೊಳ್ಳಿ.

ಆರೂವರೆಗೆ ಫೊ. ಎಲುಬು ರಾತ್ರಿಯಿಡೀ ಕುದಿಸಿದ ಸಾರಿನಲ್ಲಿ ಅಗಲವಾದ ಅಕ್ಕಿ ನೂಡಲ್ಸ್. ಸಾಮಾನ್ಯವಾಗಿ ಸಿಗುವುದು ಫೊ ಬೊ, ಅಂದರೆ ದನದ್ದು. ಬೇಡದವರು ಫೊ ಗಾ ಕೇಳಬೇಕು. ಇಲ್ಲೊಂದು ಸೂಕ್ಷ್ಮ ಇದೆ. ಎರಡೂ ಮಾಡುವ ಅಂಗಡಿಯಲ್ಲಿ ಸಾರು ಒಂದೇ ಇರಬಹುದು. ಬೋರ್ಡ್ ಮೇಲೆ ಗಾ ಮಾತ್ರ ಇರುವ ಅಂಗಡಿಯನ್ನೇ ಹುಡುಕಿ. ಒಳ್ಳೆಯ ಅಂಗಡಿ ಗುರುತಿಸುವುದು ಕಷ್ಟ ಅಲ್ಲ: ಕೆಲಸಕ್ಕೆ ಹೊರಟವರು ಸ್ಕೂಟರ್ ನಿಲ್ಲಿಸಿ, ಹತ್ತು ನಿಮಿಷದಲ್ಲಿ ತಿಂದು ಎದ್ದು ಹೋಗುತ್ತಿರಬೇಕು.

ಕೂರಲು ಸಿಗುವುದು ಚಿಕ್ಕ ಪ್ಲಾಸ್ಟಿಕ್ ಸ್ಟೂಲು. ಎತ್ತರ ನೋಡಿದರೆ ನಮ್ಮ ಮಣೆಯ ಅಣ್ಣ ಅನ್ನಬಹುದು. ಮೊದಲು ಸಾರನ್ನು ಹಾಗೆಯೇ ಒಂದು ಗುಟುಕು ಕುಡಿಯಿರಿ. ಆಮೇಲೆ ಮೇಜಿನ ಮೇಲಿನ ಬೆಳ್ಳುಳ್ಳಿ, ಮೆಣಸಿನಕಾಯಿ ನೆನೆಸಿದ ವಿನೆಗರ್ ಒಂದು ಚಮಚ. ಪಕ್ಕದವರು ಸಾರಿಗೆ ಅದ್ದಿ ತಿನ್ನುತ್ತಿರುವ ಕರಿದ ಹಿಟ್ಟಿನ ಕಡ್ಡಿ ಕ್ವೈ, ಅದನ್ನೂ ಹೇಳಿ. ಸಾಸ್ ಸುರಿಯಬೇಡಿ. ಅದು ದಕ್ಷಿಣದವರ, ಸೈಗಾನ್ ಕಡೆಯವರ ಪದ್ಧತಿ ಅಂತ ಹನೋಯ್‌ನವರು ಮೂಗು ಮುರಿಯುತ್ತಾರೆ. ಮೇಜಿನ ಮೇಲೆ ಇಟ್ಟ ಒದ್ದೆ ಟಿಶ್ಯೂ ಪ್ಯಾಕೆಟ್ ಒಡೆದರೆ ಎರಡು ಮೂರು ಸಾವಿರ ಡಾಂಗ್ ಬಿಲ್ಲಿಗೆ ಸೇರುತ್ತದೆ. ಅದಕ್ಕೆ ಜಗಳ ಬೇಡ.

ಸಸ್ಯಾಹಾರಿಗಳ ಬೆಳಗಿನ ತಿಂಡಿ ಸೋಯ್, ಅಂದರೆ ಅಂಟಕ್ಕಿ ಅನ್ನ. ಹೆಂಗಸರು ಬುಟ್ಟಿಯಲ್ಲಿಟ್ಟು ಬೀದಿ ಮೂಲೆಯಲ್ಲಿ ಮಾರುತ್ತಾರೆ. ಸೋಯ್ ಸೆಯೊ ಅನ್ನುವುದು ಅರಿಶಿನ ಹಾಕಿದ್ದು. ಅದರ ಮೇಲೆ ಬೇಯಿಸಿ ಉಂಡೆ ಕಟ್ಟಿದ ಹೆಸರುಬೇಳೆಯನ್ನು ಚಾಕುವಿನಿಂದ ತೆಳ್ಳಗೆ ಹೆರೆದು ಉದುರಿಸುತ್ತಾರೆ, ಕರಿದ ಈರುಳ್ಳಿ ಹಾಕುತ್ತಾರೆ. ಕೊನೆಗೆ ಒಂದು ಚಮಚ ಕೊಬ್ಬು ಹಾಕಲು ಕೈ ಚಾಚುತ್ತಾರೆ. ಆ ಗಳಿಗೆಯಲ್ಲಿ ‘ಖೋಂಗ್’ ಅನ್ನಬೇಕು, ಆಮೇಲೆ ಹೇಳಿ ಪ್ರಯೋಜನ ಇಲ್ಲ. ಒಂಬತ್ತಾದರೆ ಬುಟ್ಟಿ ಖಾಲಿ.

ಎಂಟರಿಂದ ಹನ್ನೊಂದು: ನೋಡುವ ಹೊತ್ತು

ಎಲ್ಲವನ್ನೂ ಒಂದೇ ದಿನ ನೋಡಲು ಹೋಗಬೇಡಿ. ದಿನಕ್ಕೆ ಒಂದು ಜಾಗ ಸಾಕು.

ನನಗೆ ಹೆಚ್ಚು ಹಿಡಿಸಿದ್ದು ವಾನ್ ಮಿಯೆವ್, ಚೀನಾದ ತತ್ವಜ್ಞಾನಿ ಕನ್‌ಫ್ಯೂಷಿಯಸ್‌ಗೆ 1070ರಲ್ಲಿ ಕಟ್ಟಿದ ಸಾಹಿತ್ಯ ಮಂದಿರ. ಪಕ್ಕದಲ್ಲೇ ರಾಜರ ಕಾಲದ ವಿದ್ಯಾಪೀಠವೂ ಇತ್ತು. ಅಂಗಳದಲ್ಲಿ ಕಲ್ಲಿನ ಆಮೆಗಳ ಬೆನ್ನ ಮೇಲೆ 82 ಶಾಸನಗಳು ನಿಂತಿವೆ. ದೊಡ್ಡ ಪರೀಕ್ಷೆ ಪಾಸಾದವರ ಹೆಸರು, ಊರು ಅವುಗಳಲ್ಲಿ ಕೆತ್ತಿದ್ದಾರೆ. ನಮ್ಮಲ್ಲಿ ದಾನ ಕೊಟ್ಟವರಿಗೆ, ಯುದ್ಧದಲ್ಲಿ ಸತ್ತವರಿಗೆ ಕಲ್ಲು ನಿಲ್ಲಿಸಿದ್ದು ಗೊತ್ತು. ರ‍್ಯಾಂಕ್ ಬಂದವರಿಗೆ ಕಲ್ಲು! ಪರೀಕ್ಷೆ ಹತ್ತಿರ ಬಂದಾಗ ಮಕ್ಕಳು ಇಲ್ಲಿಗೆ ಬಂದು ಬೇಡಿಕೊಳ್ಳುತ್ತಾರೆ. ಮೊದಲೆಲ್ಲ ಆಮೆಯ ತಲೆ ಸವರುತ್ತಿದ್ದರು, ಸವೆದು ಹೋಗುತ್ತದೆ ಅಂತ ಈಗ ಬೇಲಿ ಹಾಕಿದ್ದಾರೆ.

ವಿಯೆಟ್ನಾಂ ಸ್ವಾತಂತ್ರ್ಯ ಹೋರಾಟದ ನಾಯಕ ಹೋ ಚಿ ಮಿನ್ ಸಮಾಧಿ ಬೆಳಗ್ಗೆ ಮಾತ್ರ ತೆರೆದಿರುತ್ತದೆ. ಸೋಮವಾರ, ಶುಕ್ರವಾರ ರಜೆ. ವರ್ಷಕ್ಕೊಮ್ಮೆ ನಿರ್ವಹಣೆಗೆಂದು ಕೆಲವು ವಾರ ಮುಚ್ಚುತ್ತಾರೆ, ವಿಚಾರಿಸಿಕೊಂಡು ಹೋಗಿ. ಚಡ್ಡಿ, ತೋಳಿಲ್ಲದ ಅಂಗಿ ನಡೆಯುವುದಿಲ್ಲ. ಒಳಗೆ ಮಾತಿಲ್ಲ, ಫೋಟೋ ಇಲ್ಲ, ಜೇಬಿನಲ್ಲಿ ಕೈಯೂ ಇಲ್ಲ. ತನ್ನನ್ನು ಸುಟ್ಟುಬಿಡಿ ಅಂತ ಆತ ಬರೆದಿಟ್ಟಿದ್ದ. ಆದರೂ ಗಾಜಿನೊಳಗೆ ಮಲಗಿಸಿದ್ದಾರೆ. ಹೊರಗೆ ಬಂದ ಮೇಲೆ ಒಂಟಿ ಕಂಬದ ಗುಡಿ ಎರಡು ನಿಮಿಷದ ದಾರಿ. ಚಿಕ್ಕದು, ಹತ್ತು ನಿಮಿಷ ಸಾಕು.

ಹನ್ನೊಂದೂ ಕಾಲು: ಊಟ

ನಮಗೆ ಬೇಗ ಅನ್ನಿಸಬಹುದು. ಆದರೆ ಹನೋಯ್ ಊಟಕ್ಕೆ ಕೂರುವುದು ಇದೇ ಹೊತ್ತಿಗೆ. ಒಂದೂವರೆ ಆಯಿತು ಅಂದರೆ ಮುಗಿಯಿತು.

ಬುನ್ ಚಾ ಹಂದಿಮಾಂಸದ ತಿಂಡಿ. ಇದ್ದಿಲ ಮೇಲೆ ಸುಟ್ಟ ತುಂಡುಗಳನ್ನು ಹುಳಿಸಿಹಿ ಸಾರಿನಲ್ಲಿ ಮುಳುಗಿಸಿ ಕೊಡುತ್ತಾರೆ. ಜೊತೆಗೆ ಒಂದು ತಟ್ಟೆ ಬುನ್, ಒಂದು ಬುಟ್ಟಿ ಹಸಿ ಸೊಪ್ಪು. ಬುನ್ ಅಂದರೆ ಬೇರೇನಲ್ಲ, ನಮ್ಮ ಒತ್ತು ಶಾವಿಗೆ. ಸ್ವಲ್ಪ ಸ್ವಲ್ಪ ಶಾವಿಗೆ, ಸೊಪ್ಪು ಸಾರಿಗೆ ಅದ್ದಿ ತಿನ್ನಬೇಕು. ಎಲ್ಲವನ್ನೂ ಒಟ್ಟಿಗೆ ಸುರಿದು ಕಲಸಿದರೆ ಪಕ್ಕದ ಮೇಜಿನವರು ನಗುತ್ತಾರೆ. ನಾನು ಕಲಸಿದ್ದೆ. 2016ರಲ್ಲಿ ಒಬಾಮ ಬಂದು ಬುನ್ ಚಾ ತಿಂದು ಹೋದ ಹುವಾಂಗ್ ಲಿಯೆನ್ ಅಂಗಡಿಯಲ್ಲಿ ಆ ಮೇಜನ್ನು ಗಾಜು ಹಾಕಿ ಕಾಪಾಡಿದ್ದಾರೆ. ನೋಡಲೇಬೇಕು ಅನ್ನುವವರು ಹೋಗಿ. ನನಗೆ ಬೀದಿ ಬದಿಯದೇ ಸಾಕಾಯಿತು.

ಸಸ್ಯಾಹಾರಿಗಳಿಗೂ ಮಿಶ್ರ ಬಳಗಕ್ಕೂ ಒಳ್ಳೆಯದು ಕಮ್ ಬಿನ್ ಝನ್, ಅಂದರೆ ಸಾಮಾನ್ಯರ ಅನ್ನ. ನಮ್ಮ ಮೆಸ್ ಇದ್ದ ಹಾಗೆ. ಗಾಜಿನ ಹಿಂದೆ ಹದಿನೈದು ಇಪ್ಪತ್ತು ಪಲ್ಯ, ಸಾರು ಇಟ್ಟಿರುತ್ತಾರೆ. ಬೆರಳು ತೋರಿಸಿದರೆ ಅನ್ನದ ಮೇಲೆ ಹಾಕಿಕೊಡುತ್ತಾರೆ. ಟೊಮೆಟೊ ಗೊಜ್ಜಿನಲ್ಲಿ ಬೆಂದ ತೋಫು, ಬೆಳ್ಳುಳ್ಳಿ ಒಗ್ಗರಣೆಯ ಝಾವ್ ಮುವೊಂಗ್ ಸೊಪ್ಪು ಇವೆರಡು ಎಲ್ಲ ಕಡೆ ಸಿಗುತ್ತವೆ. ಝಾವ್ ಮುವೊಂಗ್ ನೀರಿನಲ್ಲಿ ಬೆಳೆಯುವ ಟೊಳ್ಳು ದಂಟಿನ ಸೊಪ್ಪು. ಮೀನಿನ ಸಾಸ್ ಬಿದ್ದಿರಬಹುದು ಅನ್ನುವುದೊಂದೇ ಅಳುಕು. ಅದರ ಹೆಸರು ನುವೊಕ್ ಮಾಮ್. ಅದನ್ನು ಸಹಿಸದವರು ಮುಂದಿನ ಭಾಗ ಓದಿ.

ಅಮ್ಮನ ಊಟ: ಚಯ್ ಬೋರ್ಡ್

ಅಂಗಡಿಯ ಮುಂದೆ ‘ಚಯ್’ ಅಂತ ಬರೆದಿದ್ದರೆ ಅದು ಬೌದ್ಧರ ಸಸ್ಯಾಹಾರ. ಮಾಂಸ ಇಲ್ಲ, ಮೀನಿನ ಸಾಸ್ ಕೂಡ ಇಲ್ಲ. ಕಟ್ಟುನಿಟ್ಟಾಗಿ ಪಾಲಿಸುವವರು ಈರುಳ್ಳಿ, ಬೆಳ್ಳುಳ್ಳಿಯನ್ನೂ ಬಿಡುತ್ತಾರೆ. ಇದನ್ನು ಕೇಳಿ ಅಮ್ಮನಿಗೆ ಆದ ಸಮಾಧಾನ ಅಷ್ಟಿಷ್ಟಲ್ಲ. ‘ಹಾಗಾದರೆ ನಮ್ಮವರೇ’ ಅಂದರು. ಆದರೆ ತಟ್ಟೆ ಬಂದಾಗ ಮುಖ ಸಪ್ಪಗಾಯಿತು. ಸೋಯಾದಲ್ಲಿ ಮಾಡಿದ ‘ಮೀನು’, ‘ಕೋಳಿ ಕಾಲು’ ನೋಡಲು ಥೇಟ್ ಹಾಗೇ ಇರುತ್ತವೆ. ಅವು ತರಕಾರಿಯದೇ, ಹೆದರಬೇಡಿ. ಬೇಡ ಅನ್ನಿಸಿದರೆ ಅಣಬೆ, ತೋಫು, ಸೊಪ್ಪಿನ ಪಲ್ಯ ತೋರಿಸಿ. ಮೊಟ್ಟೆ ಮಾತ್ರ ಕೆಲವು ಕಡೆ ಹಾಕುತ್ತಾರೆ. ‘ಖೋಂಗ್ ಚುಂಗ್’ ಅನ್ನಿ.

ನಮ್ಮ ಪಂಚಾಂಗ ಇಲ್ಲಿ ಕೆಲಸಕ್ಕೆ ಬರುತ್ತದೆ. ವಿಯೆಟ್ನಾಮಿನಲ್ಲಿ ಚಾಂದ್ರಮಾನ ತಿಂಗಳ 1 ಮತ್ತು 15ನೇ ದಿನ ತುಂಬಾ ಜನ ಚಯ್ ಊಟ ಮಾಡುತ್ತಾರೆ. ಲೆಕ್ಕ ಹಾಕಿದರೆ ನಮ್ಮ ಅಮಾವಾಸ್ಯೆ, ಹುಣ್ಣಿಮೆಗೆ ಒಂದು ದಿನ ಆಚೀಚೆ. ಅವತ್ತು ಮನೆಗಳ ಮುಂದೆ ಹಣ್ಣು, ಹೂವು, ಊದುಬತ್ತಿ ಇಟ್ಟು ಪೂಜೆ ಮಾಡುತ್ತಾರೆ, ಹಿರಿಯರಿಗೆಂದು ಕಾಗದದ ನೋಟು ಸುಡುತ್ತಾರೆ. ಟಿಕೆಟ್ ಬುಕ್ ಮಾಡುವಾಗ ಗೋಡೆಯ ಕ್ಯಾಲೆಂಡರ್ ನೋಡಿ, ಒಂದು ಹುಣ್ಣಿಮೆ ಸಿಗುವಂತೆ ಹೊರಡಿ. ಚಯ್ ಅಂಗಡಿಗಳಲ್ಲಿ ಆ ದಿನ ರಶ್ ಜಾಸ್ತಿ, ತಿಂಡಿಗಳೂ ಜಾಸ್ತಿ.

ಸಿಹಿಗೆ ಚೆ. ಲೋಟದಲ್ಲಿ ಕೊಡುವ ಪಾಯಸ. ಹೆಸರುಬೇಳೆ, ಕಾಯಿಹಾಲು ಹಾಕಿದ್ದು ನಾಲಿಗೆಗೆ ಮನೆಯ ನೆನಪು ತರುತ್ತದೆ, ಐಸ್ ಹಾಕಿರುತ್ತಾರೆ ಅಷ್ಟೇ ವ್ಯತ್ಯಾಸ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಹೋದರೆ ಕೋಮ್ ಬಿಡಬೇಡಿ. ಎಳೆ ಭತ್ತವನ್ನು ಹುರಿದು ಕುಟ್ಟಿದ ಹಸಿರು ಅವಲಕ್ಕಿ ಅನ್ನಿ. ತಾವರೆ ಎಲೆಯಲ್ಲಿ ಕಟ್ಟಿ ಮಾರುತ್ತಾರೆ.

ಹನ್ನೆರಡೂವರೆಯಿಂದ ಎರಡೂವರೆ: ಕಾಫಿ

ಊಟ ಆದ ಮೇಲೆ ಊರು ಮಲಗುತ್ತದೆ. ಅಂಗಡಿಯವರು ಕುರ್ಚಿ ಜೋಡಿಸಿ, ಸ್ಕೂಟರ್ ಸೀಟಿನ ಮೇಲೆ ಕಾಲು ಚಾಚಿ ನಿದ್ದೆ ಮಾಡುತ್ತಾರೆ. ನೀವು ರೂಮಿಗೆ ಹೋಗಿ, ಇಲ್ಲವೇ ಕಾಫಿ ಅಂಗಡಿಗೆ.

ಕಾಫಿ ಬೆಳೆಯುವುದರಲ್ಲಿ ಬ್ರೆಜಿಲ್ ಬಿಟ್ಟರೆ ವಿಯೆಟ್ನಾಂ. ಹೆಚ್ಚಿನದು ರೊಬಸ್ಟಾ. ಲೋಟದ ಮೇಲೆ ‘ಫಿನ್’ ಅನ್ನುವ ಚಿಕ್ಕ ಫಿಲ್ಟರ್ ಇಟ್ಟು ಡಿಕಾಕ್ಷನ್ ಇಳಿಸುತ್ತಾರೆ. ಕೆಳಗೆ ಕಂಡೆನ್ಸ್ಡ್ ಹಾಲು. ಹನೋಯ್‌ನಲ್ಲಿ ಇದನ್ನು ‘ನೌ’ ಅನ್ನುತ್ತಾರೆ, ಕಂದು ಬಣ್ಣ ಅಂತ ಅರ್ಥ. ಐಸ್ ಬೇಕಾದರೆ ‘ನೌ ದಾ’, ಬಿಸಿ ಬೇಕಾದರೆ ‘ನೌ ನೊಂಗ್’. ನಮ್ಮ ಫಿಲ್ಟರ್ ಕಾಫಿಯ ಮೂರು ಪಟ್ಟು ಗಡಸು. ಸಂಜೆ ಕುಡಿದು ರಾತ್ರಿ ಸೂರು ನೋಡುತ್ತಾ ಮಲಗಿದ್ದು ನೆನಪಿದೆ.

ಮೊಟ್ಟೆ ಕಾಫಿಯ ಹುಟ್ಟೂರೂ ಇದೇ. 1946ರಲ್ಲಿ ಹಾಲಿಗೆ ತತ್ವಾರ ಇದ್ದಾಗ, ಮೆಟ್ರೊಪೋಲ್ ಹೋಟೆಲಿನಲ್ಲಿ ಕೆಲಸಕ್ಕಿದ್ದ ಜಾಂಗ್ ಎಂಬುವರು ಹಾಲಿನ ಬದಲು ಮೊಟ್ಟೆಯ ಹಳದಿ ಕಡೆದು ಹಾಕಿದರು. ಅವರ ಹೆಸರಿನ ಅಂಗಡಿ ಹಳೇ ಪೇಟೆಯ ಅಂಚಿನಲ್ಲಿ, ಕಿರಿದಾದ ಓಣಿಯೊಳಗೆ ಈಗಲೂ ಇದೆ. ಮೊಟ್ಟೆ ವಾಸನೆ ಬರುತ್ತದೆ ಅಂದುಕೊಂಡಿದ್ದೆ, ಬರಲಿಲ್ಲ. ಬೆಣ್ಣೆಯಂಥ ನೊರೆ. ಚಮಚದಲ್ಲಿ ತಿನ್ನಬೇಕು, ಆಮೇಲೆ ಕುಡಿಯಬೇಕು.

ಮೂರರ ನಂತರ: ಹಳೇ ಪೇಟೆ, ಸೇತುವೆ

ಅಕ್ಕಿಪೇಟೆ, ಬಳೇಪೇಟೆ, ಅರಳೇಪೇಟೆ ಓಡಾಡಿದವರಿಗೆ ಈ ಜಾಗ ಬಿಡಿಸಿ ಹೇಳಬೇಕಿಲ್ಲ. ‘ಮೂವತ್ತಾರು ಬೀದಿ’ ಅನ್ನುತ್ತಾರೆ, ನಿಜಕ್ಕೂ ಅದಕ್ಕಿಂತ ಜಾಸ್ತಿ ಇವೆ. ಬೀದಿಯ ಹೆಸರು ‘ಹಾಂಗ್’ ಅಂತ ಶುರು, ಅಂದರೆ ಸರಕು. ಹಾಂಗ್ ಬಾಕ್ ಬೆಳ್ಳಿಯದು, ಹಾಂಗ್ ಥಿಯೆಕ್ ತಗಡಿನದು, ಹಾಂಗ್ ಮಾ ಪೂಜೆಯ ಕಾಗದದ್ದು. ನಮ್ಮ ಅರಳೇಪೇಟೆಯಲ್ಲಿ ಈಗ ಅರಳೆ ಹುಡುಕಬೇಕು. ಅಲ್ಲಿ ಹಾಂಗ್ ಥಿಯೆಕ್‌ಗೆ ಹೋಗಿ, ತಗಡು ಬಡಿಯುವ ಸದ್ದಿಗೆ ಕಿವಿ ಮುಚ್ಚಿಕೊಳ್ಳುತ್ತೀರಿ. ಲಾನ್ ಓಂಗ್ ಬೀದಿ ಗಿಡಮೂಲಿಕೆಯದು, ಗ್ರಂದಿಗೆ ಅಂಗಡಿಯ ಅದೇ ವಾಸನೆ. ಮ್ಯಾಪ್ ಮಡಚಿಡಿ. ಸುಸ್ತಾದರೆ ಫುಟ್‌ಪಾತ್ ಮೇಲೆ ಚಾ ದಾ ಮಾರುವವರ ಹತ್ತಿರ ಕೂತುಕೊಳ್ಳಿ. ಐಸ್ ಹಾಕಿದ ಹಸಿರು ಚಹಾ, ಹಾಲಿಲ್ಲ, ಸಕ್ಕರೆ ಇಲ್ಲ. ಕೆಲವೇ ಸಾವಿರ ಡಾಂಗ್. ಊರಿನ ಹರಟೆಯೆಲ್ಲ ಅಲ್ಲಿಯೇ.

ಎಚ್ಚರ ಎರಡೇ. ಅಡ್ಡೆ ಹೊತ್ತ ಹೆಂಗಸರು ಅದನ್ನು ನಿಮ್ಮ ಹೆಗಲಿಗಿಟ್ಟು ಫೋಟೋ ತೆಗೆಯಿರಿ ಅನ್ನುತ್ತಾರೆ, ಆಮೇಲೆ ದುಡ್ಡು ಕೇಳುತ್ತಾರೆ. ಇನ್ನೊಬ್ಬ ನಿಮ್ಮ ಚಪ್ಪಲಿ ಕಿತ್ತಿದೆ ಅಂತ ಹೇಳದೆ ಕೇಳದೆ ಅಂಟು ಹಚ್ಚಲು ಶುರು ಮಾಡುತ್ತಾನೆ. ನಕ್ಕು ಮುಂದೆ ಹೋಗಿ. ರೈಲು ಮನೆಗಳ ನಡುವೆ ನುಗ್ಗುವ ಬೀದಿಗೆ ಪೊಲೀಸರು ಆಗಾಗ ತಡೆ ಹಾಕುತ್ತಾರೆ. ಅದಕ್ಕಾಗಿ ಒಂದು ಸಂಜೆ ಹಾಳು ಮಾಡಿಕೊಳ್ಳಬೇಡಿ.

ಐದು ಗಂಟೆಗೆ ಲೋಂಗ್ ಬಿಯೆನ್ ಸೇತುವೆ ಹತ್ತಿ. ಫ್ರೆಂಚರು 1902ರಲ್ಲಿ ಮುಗಿಸಿದ ಕಬ್ಬಿಣದ ಸೇತುವೆ. ಅಮೆರಿಕದ ವಿಮಾನಗಳು ಅದರ ಮೇಲೆ ಮತ್ತೆ ಮತ್ತೆ ಬಾಂಬು ಹಾಕಿದವು, ಇವರು ಮತ್ತೆ ಮತ್ತೆ ಕಟ್ಟಿದರು. ಹಳೆಯ ಕಮಾನುಗಳ ನಡುವೆ ಬೋಳು ಭಾಗಗಳು ಕಾಣುತ್ತವಲ್ಲ, ಅದೇ ಗುರುತು. ನಡುವೆ ರೈಲು, ಎರಡು ಬದಿ ಸ್ಕೂಟರ್. ವಿಚಿತ್ರ ಅಂದರೆ ಈ ಸೇತುವೆಯ ಮೇಲೆ ಮಾತ್ರ ಗಾಡಿಗಳು ನಮ್ಮಂತೆ ಎಡಗಡೆ ಓಡುತ್ತವೆ. ನಡೆಯುವ ಹಾದಿಯ ಕಾಂಕ್ರೀಟ್ ಹಾಸಿನ ಸಂದಿಯಲ್ಲಿ ಕೆಳಗಿನ ಕೆಂಪು ನದಿ ಕಾಣುತ್ತದೆ. ಅಮ್ಮ ಅರ್ಧಕ್ಕೇ ವಾಪಸ್ ಬಂದರು.

ರಾತ್ರಿ

ಆರೂವರೆಗೆ ಊಟ ಮುಗಿಸಿ ಕೆರೆಯ ಪಕ್ಕದ ಥಾಂಗ್ ಲೋಂಗ್ ರಂಗಮಂದಿರಕ್ಕೆ ಹೋಗಿ, ನೀರಿನ ಮೇಲಿನ ಗೊಂಬೆಯಾಟ ನೋಡಿ. ಆಡಿಸುವವರು ಪರದೆಯ ಹಿಂದೆ ಸೊಂಟದ ಮಟ್ಟದ ನೀರಿನಲ್ಲಿ ನಿಂತಿರುತ್ತಾರೆ. ಮಾತು ಅರ್ಥ ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ: ಗದ್ದೆ, ಬಾತುಕೋಳಿ, ಅದನ್ನು ಕದಿಯುವ ನರಿ. ಟಿಕೆಟ್ ಬೆಳಗ್ಗೆಯೇ ತೆಗೆದಿಡಿ. ಕುಡಿಯುವವರು ಬಿಯಾ ಹೊಯ್ ಕೇಳಿ. ದಿನದ ಬಿಯರ್ ಅದು, ತೆಳು. ಪೀಪಾಯಿ ಮುಗಿದರೆ ಮುಗಿಯಿತು.

ಹೊರಡುವ ದಿನ ಒಂದು ಫಿನ್ ಕೊಂಡುಕೊಳ್ಳಿ. ಅಲ್ಯೂಮಿನಿಯಂನದು ಅಗ್ಗ, ಸ್ಟೀಲಿನದು ಬಾಳಿಕೆ ಬರುತ್ತದೆ. ಚಿಕ್ಕ ಸೈಜು ಸಾಕು. ಮನೆಯಲ್ಲಿರುವ ಚಿಕೋರಿ ಬೆರೆತ ನುಣ್ಣನೆ ಪುಡಿ ಇದಕ್ಕೆ ಆಗುವುದಿಲ್ಲ, ತೂತು ಕಟ್ಟಿಕೊಳ್ಳುತ್ತದೆ. ಕಾಫಿ ಅಂಗಡಿಯವರಿಗೆ ಕೂರ್ಗ್ ರೊಬಸ್ಟಾವನ್ನು ಸ್ವಲ್ಪ ತರಿತರಿಯಾಗಿ ಬೀಸಿಕೊಡಿ ಅನ್ನಿ. ಬಿಸಿನೀರನ್ನು ಮೊದಲು ಎರಡು ಚಮಚ ಹಾಕಿ ಪುಡಿ ನೆನೆಯಲು ಬಿಡಿ, ಆಮೇಲೆ ತುಂಬಾ ಹಾಕಿ. ಐದು ನಿಮಿಷದಲ್ಲಿ ಇಳಿಯಬೇಕು. ಎರಡೇ ನಿಮಿಷಕ್ಕೆ ಇಳಿದರೆ ಪುಡಿ ಇನ್ನಷ್ಟು ನುಣ್ಣಗೆ ಬೇಕು ಅಂತ ಲೆಕ್ಕ.